ಸೀಮೆಸುಣ್ಣದ ಗೆರೆಯೊಳಗಿನ ಕಾಲು

ನೊಲೀನ್ ಪೆಂಗೆಲಿ ಕೂತಲ್ಲಿ ಕೂರುವ ಜೀವವಲ್ಲ. ಚಹಾಕ್ಕೆ ನೀರಿಟ್ಟರೆ ಅದು ಕುದಿಯುವ ತನಕ ಅಡುಗೆಮನೆಯಲ್ಲಿ ನಿಲ್ಲುವ ತಾಳ್ಮೆ ಅವಳಿಗಿಲ್ಲ. ಹಿತ್ತಲಿಗೆ ಹೋಗಿ ಟೊಮೆಟೊ ಗಿಡಕ್ಕೆ ಕೋಲು ಕಟ್ಟುತ್ತಾಳೆ, ಅಲ್ಲಿಂದ ಬೇಲಿಯಾಚೆಯವಳ ಜೊತೆ ಮಾತಿಗೆ ನಿಲ್ಲುತ್ತಾಳೆ, ಮಾತು ಅರ್ಧಕ್ಕೆ ಬಿಟ್ಟು ಒಗೆದ ಬಟ್ಟೆ ಹರವಲು ಓಡುತ್ತಾಳೆ. ಅಷ್ಟರಲ್ಲಿ ಕೆಟಲಿನ ತಳ ಕರಕಲಾಗಿರುತ್ತದೆ. ಗಂಡ ರಸ್, ಊರ ರಸ್ತೆಗಳ ಮೇಲೆ ಇಡೀ ಆಯಸ್ಸು ರೋಲರ್ ಓಡಿಸಿದ ನಿಧಾನಸ್ಥ, ಸುಟ್ಟ ಕೆಟಲನ್ನು ಸಿಂಕಿಗೆ ಹಾಕುತ್ತಾ ಪ್ರತಿ ಸಲವೂ ಒಂದೇ ಮಾತು ಹೇಳುತ್ತಾನೆ: "ಅಂಡು ಸುಟ್ಟ ಬೆಕ್ಕು ಕಣೇ ನೀನು."

ಇಂಥವಳು ಅರ್ಧ ಆಯಸ್ಸು ಮಾಡಿದ ಕೆಲಸ ಯಾವುದು ಗೊತ್ತೇ? ಅಲ್ಲಾಡದೆ ಕೂರುವುದು. ಮೆಲ್ಬರ್ನಿನಿಂದಾಚೆ ಒಳನಾಡಿನ ನಮ್ಮ ಕೋರಿಂಡಲ್ ಊರಿನ ಚಿತ್ರಶಾಲೆಯಲ್ಲಿ, ಮೈಮೇಲೆ ನೂಲೆಳೆಯಿಲ್ಲದೆ, ಸುತ್ತ ಕೂತ ಹುಡುಗ ಹುಡುಗಿಯರು ನೋಡಿ ನೋಡಿ ಬರೆಯುವಾಗ ಬೊಂಬೆಯ ಹಾಗೆ ಇರುವುದು. ಅಜ್ಜಿಗೆ ಅರಿವೆ ಚಿಂತೆ ಅನ್ನುತ್ತಾರಲ್ಲ, ಈ ಅಜ್ಜಿಗೆ ಅದೊಂದು ಚಿಂತೆ ಯಾವತ್ತೂ ಇರಲಿಲ್ಲ. ಬ್ಯಾಂಕಿನ ಸಾಲಿನಲ್ಲಿ ಯಾರಾದರೂ ತನ್ನನ್ನೇ ತಿರುತಿರುಗಿ ನೋಡಿದರೆ, "ಬಟ್ಟೆ ಹಾಕ್ಕೊಂಡಿದ್ದೀನಲ್ಲ, ಅದಕ್ಕೇ ಗುರುತು ಸಿಗ್ತಿಲ್ಲ" ಎಂದು ತಾನೇ ಹೇಳಿ ಅವರ ಕಿವಿ ಕೆಂಪಾಗಿಸುತ್ತಿದ್ದಳು.

ಆದರೆ ಅವಳಿಗೆ ಬೇಕಿದ್ದದ್ದು ಆ ಕೆಲಸವಲ್ಲ. ಅವಳಿಗೆ ಬೇಕಿದ್ದದ್ದು ಎದುರಿನ ಜಾಗ, ಹಲಗೆ ಹಿಡಿದು ಕೂತು ಬರೆಯುವವರ ಜಾಗ. ಹದಿನೇಳನೆಯ ವಯಸ್ಸಿನಲ್ಲಿ ಅದು ಕೈತಪ್ಪಿತ್ತು, ಆ ಸಂಕಟ ಮುದುಕಿಯಾದರೂ ಆರಲಿಲ್ಲ.

ಆ ಶಾಲೆಯ ಕಥೆ ಹೇಳದೆ ಇವಳ ಕಥೆ ಹೇಳಲಾಗುವುದಿಲ್ಲ. ಚಿನ್ನದ ಗಣಿಗಳ ಕಾಲದಲ್ಲಿ ಗಣಿಶಾಲೆಯ ಮೇಲ್ಮಹಡಿಯಲ್ಲಿ ಅದು ಶುರುವಾಯಿತು. ಸುರಂಗದ ನಕ್ಷೆ ಬರೆಯಲು ಬರುವ ಹುಡುಗರು ಬೇಕಿತ್ತು, ಅದಕ್ಕೆ ಚಿತ್ರ ಕಲಿಸಿದರು. ಚಿನ್ನ ಮುಗಿಯಿತು, ಗಣಿಗಳಿಗೆ ನೀರು ತುಂಬಿತು, ಚಿತ್ರ ಮಾತ್ರ ಉಳಿಯಿತು. ಆಮೇಲೆ ಶುರುವಾಯಿತು ನೋಡಿ, ಹೆಸರು ಬದಲಿಸುವ ಚಟ. ತಾಂತ್ರಿಕ ಶಾಲೆ ಎಂದರು, ಇನ್‌ಸ್ಟಿಟ್ಯೂಟ್ ಎಂದರು, ಕಾಲೇಜ್ ಎಂದರು. ಕೊನೆಗೆ ದೊಡ್ಡ ವಿಶ್ವವಿದ್ಯಾಲಯವೊಂದು ಬಂದು ಇಡೀ ಕಾಲೇಜನ್ನು ನುಂಗಿ ನೀರು ಕುಡಿಯಿತು, ಬಾಗಿಲ ಮೇಲೆ ಮತ್ತೊಂದು ಬೋರ್ಡು ಬಂತು. ಪ್ರತಿ ಬೋರ್ಡಿಗೂ ಒಬ್ಬ ಮಂತ್ರಿಯೋ ಕುಲಪತಿಯೋ ಬಂದು ಪರದೆ ಎಳೆದು ಸ್ಯಾಂಡ್‌ವಿಚ್ ತಿಂದು ಹೋದ. ಊರಿನವರು ಯಾವ ಹೆಸರನ್ನೂ ಬಾಯಿಗೆ ತಂದುಕೊಳ್ಳಲಿಲ್ಲ. ನಮಗೆ ಅದು ಅಂದಿನಿಂದ ಇಂದಿನ ತನಕ "ಮಹಡಿ", ಅಷ್ಟೆ.

ಬೋರ್ಡು ಎಷ್ಟು ಬದಲಾದರೂ ಮಹಡಿ ಬಿಡದೆ ಹಿಡಿದುಕೊಂಡದ್ದು ಒಂದು ಪದ್ಧತಿ: ಒಂದೇ ಹಾಳೆಯ ಪರೀಕ್ಷೆ. ಕೊನೆಯ ವರ್ಷ ಬೆಳಿಗ್ಗೆ ನಿಮಗೊಂದು ದೊಡ್ಡ ಹಾಳೆ ಕೊಡುತ್ತಾರೆ. ಮೂಲೆಯಲ್ಲಿ ಹಳೆಯ ಗಣಿಶಾಲೆಯ ಹಿತ್ತಾಳೆ ಠಸ್ಸೆ ಒತ್ತಿರುತ್ತಾರೆ, ಎರಡು ಸುತ್ತಿಗೆ ಒಂದರ ಮೇಲೊಂದು ಅಡ್ಡಲಾಗಿರುವ ಗುರುತು. ಸಂಜೆ ಆ ಹಾಳೆಯ ಮೇಲೆ ಏನಿದೆಯೋ ಅದೇ ನಿಮ್ಮ ಉತ್ತರ. ಹರಿದರೆ ಹರಿಯಿತು, ತೂತಾದರೆ ತೂತಾಯಿತು, ಇನ್ನೊಂದು ಹಾಳೆ ದೇವರು ಬಂದು ಕೇಳಿದರೂ ಇಲ್ಲ. ಭೂಮಿಯೊಳಗೆ ಇಳಿಯುವವನು ಒಂದೇ ಹಾಳೆ ಒಯ್ಯುತ್ತಾನೆ, ಕೆಳಗೆ ಅಂಗಡಿಯಿಲ್ಲ ಎಂಬುದು ಹಳಬರ ಮಾತು. ಮೊದಮೊದಲು ಈ ಪರೀಕ್ಷೆ ಕೊನೆಯ ವರ್ಷಕ್ಕೆ ಮಾತ್ರವಲ್ಲ, ಕೋರ್ಸಿನ ಪ್ರತಿ ವರ್ಷಕ್ಕೂ ಇತ್ತು.

ಹದಿನೇಳರ ನೊಲೀನ್ ಮೊದಲ ಸಲ ಈ ಹಾಳೆ ಹಿಡಿದು ಕೂತಾಗ ಎದುರಿಗಿದ್ದದ್ದು ಒಂದು ಪ್ಲಾಸ್ಟರ್ ಕಾಲು. ಇಂಗ್ಲೆಂಡಿನಿಂದ ಹಡಗಿನಲ್ಲಿ ತಂದ, ಮೊಣಕಾಲಿಂದ ಕೆಳಗೆ ಮಾತ್ರವಿದ್ದ ಯಾವುದೋ ದೇವತೆಯ ಕಾಲು. ಅವಳು ಬರೆದಳು, ಎದ್ದು ಹಿಂದೆ ಹೋಗಿ ನೋಡಿದಳು, ಸರಿಯಿಲ್ಲ ಅನ್ನಿಸಿ ಉಜ್ಜಿದಳು. ಮತ್ತೆ ಬರೆದಳು, ಮತ್ತೆ ಎದ್ದಳು, ಮತ್ತೆ ಉಜ್ಜಿದಳು. ಸಂಜೆಯ ಹೊತ್ತಿಗೆ ಹಾಳೆಯ ನಟ್ಟನಡುವೆ ತೂತು. ಮೇಷ್ಟ್ರು ಆ ಹಾಳೆಯನ್ನು ಕಿಟಕಿಗೆ ಹಿಡಿದು, ತೂತಿನೊಳಗಿಂದ ಅವಳನ್ನು ಒಂದು ಕಣ್ಣಲ್ಲಿ ನೋಡಿ, ಇಡೀ ತರಗತಿಗೆ ಕೇಳುವ ಹಾಗೆ ಹೇಳಿದರು: "ತೂತು ಚೆನ್ನಾಗಿ ಬಂದಿದೆ ಕಣಮ್ಮ. ಹೋಗು, ಕಂಬಳಿ ಮಿಲ್ಲಲ್ಲಿ ಓಡಾಡೋ ಕೆಲಸ ಇದೆಯಂತೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಮೆಟ್ಟಿಲಿಳಿಯುವಾಗ ಅತ್ತಳು, ಮರುವಾರ ನಿಜವಾಗಿಯೂ ಕಂಬಳಿ ಮಿಲ್ಲಿಗೆ ಸೇರಿದಳು.

ಮಿಲ್ಲು, ಮದುವೆ, ಮಕ್ಕಳು. ಎಲ್ಲ ಓಡೋಡುತ್ತಲೇ ಆಯಿತು. ಮಕ್ಕಳು ರೆಕ್ಕೆ ಬಲಿತು ಹೋದ ಮೇಲೆ ಮಿಲ್ಲು ಮುಚ್ಚಿತು. ಆಗ ಬೇಕರಿಯ ಗಾಜಿಗೆ ಮಹಡಿಯವರು ಒಂದು ಚೀಟಿ ಅಂಟಿಸಿದ್ದರು: ಮಾಡೆಲ್ ಬೇಕು, ಯಾವ ವಯಸ್ಸಾದರೂ ಸರಿ. ಕೈಯಲ್ಲಿ ಮಾಂಸ ತುಂಬಿದ ಬಿಸಿ ಪೇಸ್ಟಿ ಹಿಡಿದು ನೊಲೀನ್ ಅದನ್ನು ಓದಿದಳು. ಪೇಸ್ಟಿ ತಣ್ಣಗಾಗುವ ಮೊದಲೇ ಮೆಟ್ಟಿಲು ಹತ್ತಿದ್ದಳು. ಆ ಕೋಣೆಯೊಳಗೆ ಕಾಲಿಡಲು ಸಿಕ್ಕರೆ ಸಾಕಿತ್ತು, ಬಟ್ಟೆ ಇದ್ದೋ ಇಲ್ಲದೆಯೋ ಎಂಬುದು ಅವಳಿಗೆ ದೊಡ್ಡ ಮಾತಲ್ಲ.

ರಸ್‌ಗೆ ಅದು ದೊಡ್ಡ ಮಾತೇ ಆಗಿತ್ತು. ಜಗಳವೇನೂ ಆಡಲಿಲ್ಲ. ಅವಳನ್ನು ತನ್ನ ಪಿಕಪ್ ಗಾಡಿಯಲ್ಲಿ ಬಾಗಿಲ ತನಕ ಬಿಡುತ್ತಿದ್ದ, ಸಂಜೆ ಬಂದು ಕಾಯುತ್ತಿದ್ದ, ಒಳಗೆ ಮಾತ್ರ ಒಂದು ದಿನವೂ ಬರಲಿಲ್ಲ. ವರ್ಷದ ಕೊನೆಯ ಪ್ರದರ್ಶನಕ್ಕೆ ಕರೆದರೆ, "ಗೋಡೆಗೋಡೆಗೂ ನನ್ನ ಹೆಂಡ್ತೀನ ನೇತುಹಾಕಿರ್ತಾರೆ, ನಾನು ಯಾವ ಕಡೆ ಮುಖ ಮಾಡ್ಲಿ ಮಾರಾಯ್ತಿ?" ಎಂದು ರೇಡಿಯೋದಲ್ಲಿ ಕ್ರಿಕೆಟ್ ಹಾಕಿಕೊಂಡು ಗಾಡಿಯಲ್ಲೇ ಕೂರುತ್ತಿದ್ದ.

ಮಾಡೆಲ್ ಕೂರುವ ಕಟ್ಟೆಯ ಮೇಲೆ ಅವಳು ಅಲ್ಲಾಡದೆ ಹೇಗೆ ಕೂತಳು ಎಂಬುದು ಅವಳಿಗೂ ಅಷ್ಟಾಗಿ ಗೊತ್ತಿಲ್ಲ. ಮಾಡೆಲ್ ಕೂತ ಮೇಲೆ ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ, ಬಿಡುವಿಗೆ ಎದ್ದು ಬಂದವಳು ಮತ್ತೆ ಅದೇ ಗೆರೆಯೊಳಗೆ ಕಾಲಿಡಲಿ ಎಂದು. ಆ ಗೆರೆ ಬಿತ್ತೆಂದರೆ ಅವಳ ದೇಹ ಪಳಗಿದ ಕುದುರೆಯ ಹಾಗೆ ನಿಂತುಬಿಡುತ್ತಿತ್ತು. ತಲೆಯೊಳಗೆ ಮಾತ್ರ ಓಟ ನಿಲ್ಲುತ್ತಿರಲಿಲ್ಲ. ದಕ್ಷಿಣದ ಕಿಟಕಿಗಳ ಬೆಳಕು ಎದುರಿನ ಹುಡುಗಿಯ ಕುತ್ತಿಗೆಯ ಮೇಲೆ ಬೀಳುವುದನ್ನು ನೋಡುತ್ತಾ, ಅಲ್ಲಿ ಇದ್ದಿಲು ಮೆತ್ತಗೆ ಹಿಡಿಯಬೇಕು, ಇಲ್ಲಿ ಒತ್ತಬೇಕು ಎಂದು ಕಣ್ಣಲ್ಲೇ ಬರೆಯುತ್ತಿದ್ದಳು. ಬಿಡುವಿನಲ್ಲಿ ನಿಲುವಂಗಿ ಸುತ್ತಿಕೊಂಡು ಒಂದೊಂದೇ ಚಿತ್ರದ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಮಹಡಿಯ ಇನ್ನೊಂದು ಕಟ್ಟುಪಾಡೆಂದರೆ, ಮಾಡೆಲ್ ಚಿತ್ರಗಳ ಬಗ್ಗೆ ತುಟಿ ಬಿಚ್ಚಬಾರದು. ಎಷ್ಟೋ ಸಲ ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡಳು.

ಹಾಗೆ ಅವಳನ್ನು ಬರೆದ ಹುಡುಗಿಯರಲ್ಲಿ ಡ್ರಾಗಿತ್ಸಾ ಎಂಬುವಳೊಬ್ಬಳು. ಸ್ನೋಯಿ ಪರ್ವತದಲ್ಲಿ ಅಣೆಕಟ್ಟು ಕಟ್ಟಲು ಬಂದ ಯುಗೊಸ್ಲಾವ್ ಗಾರೆಯವನ ಮಗಳು. ಅವಳು ಅಲ್ಲೇ ಮೇಡಂ ಆದಳು, ಕೂದಲು ಬೆಳ್ಳಗಾದ ಹೊತ್ತಿಗೆ ಚಿತ್ರ ವಿಭಾಗದ ಮುಖ್ಯಸ್ಥೆಯೂ ಆದಳು. ಒಂದು ದಿನ ಬಿಡುವಿನಲ್ಲಿ ಅವಳೇ ಕೇಳಿದಳು: "ನೊಲೀನ್, ಈ ಕೋಣೇಲಿ ನಿನ್ನಷ್ಟು ದಿನ ಇದ್ದೋರು ಯಾರೂ ಇಲ್ಲ. ಸೇರ್ಕೋಬಾರ್ದಾ ನೀನೂ?"

"ಎಲ್ಲಿಗೆ? ವೃದ್ಧಾಶ್ರಮಕ್ಕಾ?"

"ಕೋರ್ಸಿಗೆ ಕಣೇ, ಕತ್ತೆ."

ಸೇರಿದಳು. ವರ್ಷಕ್ಕೊಂದು ವಿಷಯ, ಒಂದು ದಿನ ಕಟ್ಟೆಯ ಮೇಲೆ, ಇನ್ನೊಂದು ದಿನ ಕಟ್ಟೆಯ ಕೆಳಗೆ. ಅಚ್ಚು, ಬಣ್ಣ, ಚರಿತ್ರೆ, ಎಲ್ಲ ಹೇಗೋ ದಾಟಿದಳು. ಉಳಿದದ್ದು ಕೊನೆಯದು, ಅದೇ ಒಂದೇ ಹಾಳೆ. ಈಗ ಪ್ಲಾಸ್ಟರ್ ಕಾಲಲ್ಲ, ಜೀವಂತ ಮನುಷ್ಯ. ಮೊದಲ ಸಲ ಮಧ್ಯಾಹ್ನಕ್ಕೇ ಹಾಳೆ ಹರಿದು ಹೊರಗೆ ನಡೆದಳು. ಎರಡನೆಯ ಸಲ ಸಂಜೆಯ ತನಕ ಇದ್ದಳು, ಕೊನೆಗೆ ಇಡೀ ಹಾಳೆಗೆ ಇದ್ದಿಲು ಬಳಿದು ಬಂದಳು. ಎದ್ದು ಹಿಂದೆ ಹೋಗಿ ನೋಡುವುದು, ತಪ್ಪೇ ಕಾಣುವುದು, ಉಜ್ಜುವುದು. ಹದಿನೇಳರಲ್ಲಿ ಏನಿತ್ತೋ ಎಪ್ಪತ್ತರಲ್ಲೂ ಅದೇ. ಹುಟ್ಟುಗುಣ ಸುಟ್ಟರೂ ಹೋಗದು.

"ಮೂರನೇ ಸಲ ನೋಡೋಣ ಬಿಡು," ಎಂದಿದ್ದಳು ಡ್ರಾಗಿತ್ಸಾ.

ಅಷ್ಟರಲ್ಲಿ ವಿಶ್ವವಿದ್ಯಾಲಯದವರು ಮೆಲ್ಬರ್ನಿನಿಂದ ಬಂದರು. ತೆಳ್ಳಗಿನ ಗಡಿಯಾರ ಕಟ್ಟಿದ ಒಬ್ಬ ಮನುಷ್ಯ ಗೋಡೆಯ ಮೇಲೆ ಬಣ್ಣಬಣ್ಣದ ಪುಟ ತೋರಿಸಿ, ಮಹಡಿಯ ಕೋರ್ಸು ಈ ವರ್ಷಕ್ಕೆ ಮುಗಿಯುತ್ತದೆ, ಕಟ್ಟಡ ಬೇರೆಯವರ ಕೈಸೇರುತ್ತದೆ, ಮುಂದಿನದೆಲ್ಲ ನಗರದ ಕ್ಯಾಂಪಸ್ಸಿನಲ್ಲಿ ಕಂಪ್ಯೂಟರಿನ ಮೇಲೆ ಎಂದ. ಎಲ್ಲರಿಗೂ ಬಿಸ್ಕತ್ತು ಕೊಟ್ಟರು. ಮಣ್ಣು ಮಾಡಿ ಬರುವಾಗಲೂ ಇವರು ಬಿಸ್ಕತ್ತು ಕೊಟ್ಟಾರು.

ನೊಲೀನ್ ಎದ್ದು ನಿಂತಳು. ಕೂತೇ ಇರಲಿಲ್ಲ ಎನ್ನಿ, ಹಿಂದೆ ಓಡಾಡುತ್ತಿದ್ದಳು. "ಇನ್ನೂ ಪಾಸಾಗ್ದೇ ಇರೋರ ಕಥೆ ಏನಪ್ಪಾ?"

"ಅಂಥವರಿಗೆ ನಾವು ಎಲ್ಲಾ ರೀತಿಯ ಬೆಂಬಲ ಕೊಡ್ತೀವಿ..."

"ಬೆಂಬಲ ನಿನ್ನ ಹತ್ರಾನೇ ಇಟ್ಕೋ. ಇನ್ನೊಂದು ಪರೀಕ್ಷೆ ಇದೆಯೋ ಇಲ್ವೋ, ಅದು ಹೇಳು."

"ನವೆಂಬರಿನಲ್ಲಿ ಒಂದಿದೆ. ಅದೇ ಕೊನೆಯದು."

ಅವತ್ತಿನಿಂದ ನವೆಂಬರಿನ ತನಕ ಅವಳ ಮನೆಯಲ್ಲಿ ಸುಟ್ಟ ಕೆಟಲುಗಳಿಗೆ ಲೆಕ್ಕವಿಲ್ಲ. ಊಟ ನಿಂತೇ ಮಾಡಿದಳು. ರಾತ್ರಿ ಹಾಸಿಗೆಯಲ್ಲಿ ಅವಳ ಕಾಲು ಹೊದಿಕೆಯೊಳಗೆ ಒದ್ದಾಡಿ ಒದ್ದಾಡಿ ರಸ್ ಬೇರೆ ಕೋಣೆಗೆ ಹೋಗಿ ಮಲಗಿದ. "ಈ ಸಲಾನೂ ಹರಿದು ಹಾಕಿದ್ರೆ ಏನ್ ಮಾಡ್ಲಿ?" ಎಂದು ಗೋಡೆಯಾಚೆಯಿಂದ ಅವಳು ಕೇಳಿದರೆ, "ಇನ್ನೂ ಹಾಳೆ ಕೊಟ್ಟೇ ಇಲ್ಲ, ಆಗ್ಲೇ ಹರೀತಾ ಇದ್ದೀಯಲ್ಲೇ" ಎಂದ.

ಪರೀಕ್ಷೆಯ ಬೆಳಿಗ್ಗೆ ಬಿಸಿಲು ಚುರುಗುಟ್ಟುತ್ತಿತ್ತು. ದಾರಿಯ ಮರದಿಂದ ಮ್ಯಾಗ್‌ಪೈ ಹಕ್ಕಿ ನೊಲೀನಳ ತಲೆಗೇ ಎರಗಿತು, ಅವಳು ಚೀಲ ಬೀಸಿ ಓಡಿಸಿದಳು. ಮಹಡಿಯಲ್ಲಿ ಏಳು ಜನ ಪರೀಕ್ಷೆಗೆ ಬಂದಿದ್ದರು, ಅವಳೂ ಸೇರಿ. ಕಾಲು ಅಗಲಿಸಿ ಕೂತು ಮುಂದಿನ ಕೊರಡಿಗೆ ಹಲಗೆ ಆನಿಸಿಕೊಳ್ಳುವ ಮರದ ಬೆಂಚುಗಳಿವೆ, ಅವನ್ನು ಮಹಡಿಯಲ್ಲಿ ಕತ್ತೆ ಎನ್ನುತ್ತಾರೆ. ಎಲ್ಲರೂ ತಮ್ಮ ತಮ್ಮ ಕತ್ತೆ ಎಳೆದುಕೊಂಡು ಖಾಲಿ ಕಟ್ಟೆಯ ಸುತ್ತ ಕೂತರು. ಡ್ರಾಗಿತ್ಸಾ ಊರುಗೋಲಿನ ಮೇಲೆ ಕುಂಟುತ್ತಾ ಬಂದು ಹಾಳೆಗಳಿಗೆ ಠಸ್ಸೆ ಒತ್ತಿದಳು. ಅವಳಿಗೆ ಸೊಂಟದ ಕೀಲು ಬದಲಿಸಿ ಇನ್ನೂ ತಿಂಗಳಾಗಿರಲಿಲ್ಲ.

ಮಾಡೆಲ್ ಆಗಿ ಬರಬೇಕಿದ್ದವನು ಗ್ಯಾರಿ, ನಿವೃತ್ತ ಅಂಚೆಯವನು. ಕಾದರು. ಡ್ರಾಗಿತ್ಸಾಳ ಫೋನು ಬಂತು. ಅವಳು ಕೇಳಿಸಿಕೊಂಡು, ಕಣ್ಣು ಮುಚ್ಚಿ, ಫೋನಿಟ್ಟಳು.

"ಗ್ಯಾರಿ ಸೂರಿನ ಗಟರ್ ಕ್ಲೀನ್ ಮಾಡೋಕೆ ಏಣಿ ಹತ್ತಿ ಬಿದ್ದನಂತೆ. ಆಸ್ಪತ್ರೇಲಿದ್ದಾನೆ. ಜೀವಕ್ಕೇನೂ ಆಗಿಲ್ಲ, ಕಾಲು ಮುರಿದಿದೆ."

"ಇವತ್ತೇ ಗಟರ್ ನೆನಪಾಗ್ಬೇಕಿತ್ತಾ ಅವನಿಗೆ!" ಎಂದಳು ನೊಲೀನ್. ಆಗಲೇ ಎದ್ದು ಕಿಟಕಿಯ ಹತ್ತಿರ ಹೋಗಿದ್ದಳು.

ನಾಳೆಗೆ ಮುಂದೂಡುವ ಹಾಗಿಲ್ಲ. ಮೆಲ್ಬರ್ನಿನ ಪರೀಕ್ಷಕ ಸಂಜೆಗೇ ಬರುತ್ತಾನೆ, ಸೋಮವಾರ ಕಟ್ಟಡದ ಬೀಗದ ಕೈ ಬೇರೆಯವರಿಗೆ. ಜೀವಂತ ಮನುಷ್ಯನ ಆಕೃತಿಯನ್ನು ಎದುರಿಗೆ ನೋಡಿಯೇ ಬರೆಯಬೇಕೆಂದು ನಿಯಮ. ಹಾಲಿನ ಫಾರ್ಮಿನಿಂದ ಬರುವ ಬ್ರೀ ಎಂಬ ಹುಡುಗಿ ಅಳುವುದೊಂದು ಬಾಕಿ. ಇದು ಪಾಸಾದರೆ ಅವಳಿಗೆ ಟೀಚರ್ ತರಬೇತಿಗೆ ಸೀಟು, ಇಲ್ಲದಿದ್ದರೆ ಮತ್ತೆ ಹಸುವಿನ ಕೆಚ್ಚಲು.

"ನಾವೇ ಒಬ್ಬೊಬ್ರಾಗಿ ಕೂತ್ರೆ ಆಗಲ್ವಾ?" ಎಂದಳು ಬ್ರೀ.

"ಒಂದು ಕಾಲು ನಿಂದು, ಒಂದು ಕೈ ನಂದು, ತಲೆ ಅವಳದ್ದು ಬರುತ್ತೆ," ಎಂದ ಹ್ಯೂ ಲ್ಯಾಮ್. ಅವನ ಮುತ್ತಜ್ಜ ಚಿನ್ನ ತೊಳೆಯಲು ಕ್ಯಾಂಟನ್ನಿನಿಂದ ಬಂದವನು. ಹುಡುಗ ಜಾಣ, ಬಾಯಿ ಮಾತ್ರ ಹರಿತ.

"ನಾನೇ ಕೂರ್ತೀನಿ," ಎಂದು ಡ್ರಾಗಿತ್ಸಾ ಕಟ್ಟೆಯ ಕಡೆ ಎರಡು ಹೆಜ್ಜೆ ಹಾಕಿದಳು. ಮುಖ ನೋವಿಗೆ ಬಿಳಿಚಿಕೊಂಡಿತು.

"ಕೂರ್ತಾಳಂತೆ! ನಿನ್ನೆ ನಮ್ಮನೇಲಿ ಒಂದು ಕಪ್ ಚಹಾ ಮುಗಿಯೋ ತನಕ ಕೂರೋಕಾಗ್ಲಿಲ್ಲ ನಿನಗೆ," ಎಂದು ನೊಲೀನ್ ಬೈದಳು.

ಯಾರೂ ನೊಲೀನಳ ಕಡೆ ನೋಡಲಿಲ್ಲ, ಅದೇ ಅವಳಿಗೆ ಕಷ್ಟವಾದದ್ದು. ಆರು ಜನರೂ ತಮ್ಮ ತಮ್ಮ ಖಾಲಿ ಹಾಳೆ ನೋಡುತ್ತಾ ಕೂತಿದ್ದರು. ನೀನೇ ಕೂರು ಎಂದು ಕೇಳುವ ಮುಖ ಯಾರಿಗೂ ಇರಲಿಲ್ಲ. ಕೇಳಿದ್ದರೆ ಅವಳು ಬೈದು ಹೊರಗೆ ಹೋಗಿಬಿಡುತ್ತಿದ್ದಳೇನೋ. ನೊಲೀನ್ ಕಿಟಕಿಯಿಂದ ಬಾಗಿಲಿಗೆ ಹೋದಳು, ಬಾಗಿಲಿಂದ ಕಿಟಕಿಗೆ ಬಂದಳು. ಸಿಟ್ಟು ಬಂದದ್ದು ಒಬ್ಬರ ಮೇಲಲ್ಲ. ಗ್ಯಾರಿಯ ಮೇಲೆ, ಏಣಿಯ ಮೇಲೆ, ಗಡಿಯಾರ ಕಟ್ಟಿದವನ ಮೇಲೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ತನ್ನ ಹಣೆಬರಹದ ಮೇಲೆ.

"ಥೂ, ನನ್ನ ಕರ್ಮ," ಎಂದು ಅವಳು ಅಂಗಿಯ ಗುಂಡಿ ಬಿಚ್ಚಲು ಶುರುಮಾಡಿದಳು.

"ನೊಲೀನ್, ಬೇಡ," ಎಂದಳು ಡ್ರಾಗಿತ್ಸಾ. "ನಿನ್ನ ಹಾಳೆಗೂ ಠಸ್ಸೆ ಬಿದ್ದಿದೆ. ಇನ್ನೊಂದು ಸಲ ಇಲ್ಲ."

"ನನಗೆ ಗೊತ್ತಿಲ್ವಾ? ಸೀಮೆಸುಣ್ಣ ತಗೊಂಡು ಬಾ ಸುಮ್ನೆ."

ಅವಳು ಕುರ್ಚಿಯಲ್ಲಿ ಕೂತಳು. ಬ್ರೀ ಮಂಡಿಯೂರಿ ಅವಳ ಎರಡೂ ಪಾದಗಳ ಸುತ್ತ ಗೆರೆ ಎಳೆದಳು. ಕಿರುಬೆರಳಿನ ಹತ್ತಿರ ಗೆರೆ ಸೊಟ್ಟಗಾಯಿತು. "ಸಾರಿ ನೊಲೀನ್," ಎಂದಳು ಮೆಲ್ಲಗೆ.

"ಸಾರಿ ಗೀರಿ ಬೇಡ. ಚೆನ್ನಾಗಿ ಬರಿ. ಹೊಟ್ಟೆ ಮಾತ್ರ ಸ್ವಲ್ಪ ಕಮ್ಮಿ ಮಾಡು."

ಇದ್ದಿಲು ಕಾಗದದ ಮೇಲೆ ಕೆರೆಯುವ ಸದ್ದು ಶುರುವಾಯಿತು. ನೊಲೀನ್ ಅಲ್ಲಾಡದೆ ಕೂತಳು. ಎದುರಿಗೆ ಅವಳ ಕತ್ತೆ ಖಾಲಿ ನಿಂತಿತ್ತು, ಅದರ ಮೇಲೆ ಠಸ್ಸೆ ಬಿದ್ದ ಬಿಳಿ ಹಾಳೆ. ಬೇರೆಲ್ಲಿಗೂ ಕಣ್ಣು ತಿರುಗಿಸುವ ಹಾಗಿಲ್ಲ, ಕತ್ತು ಆ ಕಡೆಗೇ ಇಟ್ಟು ಕೂತುಬಿಟ್ಟಿದ್ದಳು. ಆ ಬಿಳುಪನ್ನು ನೋಡಿ ನೋಡಿ ಅವಳ ಕಣ್ಣಿಗೆ ನೀರು ಬಂತು. ಒರೆಸಿಕೊಳ್ಳುವ ಹಾಗೂ ಇಲ್ಲ. ನೀರು ಇಳಿದು ಗಲ್ಲದಲ್ಲಿ ನಿಂತಿತು, ಅಲ್ಲಿ ನವೆ. ಮೂಗಿನ ಮೇಲೆ ನೊಣ. ಹದಿನೇಳರ ಹುಡುಗಿ ಮೆಟ್ಟಿಲಿಳಿದು ಅತ್ತದ್ದೇ ವಾಸಿ, ಕೊನೆಗೆ ಓಡಿಹೋಗಲಾದರೂ ಜಾಗವಿತ್ತು.

ಡ್ರಾಗಿತ್ಸಾ ಗಂಟೆ ಬಾರಿಸಿದಳು. ಬಿಡುವು. ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡರು. ನೊಲೀನ್ ಎದ್ದಳು, ನಿಲುವಂಗಿಯನ್ನೂ ಮರೆತು ನೇರವಾಗಿ ತನ್ನ ಕತ್ತೆಯ ಹತ್ತಿರ ಹೋಗಿ ಹಲಗೆ, ಹಾಳೆ, ಇದ್ದಿಲ ಡಬ್ಬಿ ಎತ್ತಿಕೊಂಡು ಕಟ್ಟೆಗೆ ಮರಳಿದಳು. ಗೆರೆಯೊಳಗೆ ಕಾಲಿಟ್ಟು ಕೂತು, ಹಲಗೆಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡಳು.

"ಏನಿದು?" ಎಂದಳು ಡ್ರಾಗಿತ್ಸಾ.

"ಪರೀಕ್ಷೆ ಬರೀತೀನಿ."

"ಯಾರನ್ನ ನೋಡಿ ಬರೀತೀಯ? ಮಾಡೆಲ್ಲೇ ನೀನು!"

"ಇವರು ಆರು ಜನ ಹೆಣಗಳಾ? ಜೀವಂತ ಮನುಷ್ಯರು ಅಂತ ತಾನೇ ನಿನ್ನ ರೂಲು? ಬಟ್ಟೆ ಬಿಚ್ಚಿರ್ಬೇಕು ಅಂತ ಎಲ್ಲಾದ್ರೂ ಇದೆಯಾ, ಹೇಳು ನೋಡೋಣ."

ಡ್ರಾಗಿತ್ಸಾ ನಿಯಮದ ಹಾಳೆ ತೆಗೆದು ಓದಿ, ಮತ್ತೆ ಮಡಚಿಟ್ಟಳು. ಹ್ಯೂ ಲ್ಯಾಮ್ ರೇಗಿದ: "ಅಲ್ಲಾ, ನೀವು ಕೈ ಆಡಿಸ್ತಾ ಇದ್ರೆ ನಾನು ಹೇಗೆ ಬರೀಲಿ? ನಿಮ್ಮ ಬಲಗೈ ಈಗಾಗ್ಲೇ ಬರೆದಾಗಿದೆ, ತೊಡೆ ಮೇಲಿತ್ತು! ಮೊಣಕಾಲು ಬೇರೆ ಮರೆಯಾಯ್ತು!"

"ಕಾಲು ಆಡಲ್ಲ, ಬೆನ್ನು ಆಡಲ್ಲ, ಕುತ್ತಿಗೆ ಆಡಲ್ಲ. ಕೈ ಒಂದು ಆಡುತ್ತೆ. ಆಡೋ ಕೈ ಬರೆಯೋದು ಕಲಿ ಮರಿ. ಲೋಕದಲ್ಲಿ ಯಾರೂ ನಿನಗೋಸ್ಕರ ಅಲ್ಲಾಡದೆ ಕೂರಲ್ಲ."

"ಇದು ಅನ್ಯಾಯ!"

"ಹೌದು," ಎಂದಳು ನೊಲೀನ್. "ಅನ್ಯಾಯಾನೇ. ಏನ್ ಮಾಡ್ತೀಯ?"

ಬ್ರೀ ಮೊದಲು ರಬ್ಬರು ಎತ್ತಿಕೊಂಡಳು. ತನ್ನ ಚಿತ್ರದ ಬಲಗೈಯನ್ನು ಉಜ್ಜಿ ಹಾಕಿದಳು. ಉಳಿದವರೂ ಗೊಣಗುತ್ತಾ ಉಜ್ಜಿದರು. ಡ್ರಾಗಿತ್ಸಾ ಮತ್ತೆ ಗಂಟೆ ಬಾರಿಸಿದಳು.

ಆಮೇಲೆ ನಡೆದದ್ದು ನೊಲೀನಳಿಗೂ ಆಗ ಗೊತ್ತಾಗಲಿಲ್ಲ. ಬ್ರೀಯ ಬಗ್ಗಿದ ತಲೆಯಿಂದ ಶುರುಮಾಡಿದಳು, ಕುತ್ತಿಗೆಗೆ ಬಂದಳು. ಕುತ್ತಿಗೆ ತಪ್ಪಾಯಿತು. ಎದ್ದು ಹಿಂದೆ ಹೋಗಿ ನೋಡಬೇಕು ಎಂದು ಇಡೀ ಮೈ ಎಳೆಯಿತು. ಆದರೆ ಕಾಲು ಗೆರೆಯೊಳಗಿತ್ತು. ಕಟ್ಟೆಯ ಮೇಲೆ ಎದ್ದ ಅಭ್ಯಾಸವೇ ಆ ಕಾಲಿಗಿರಲಿಲ್ಲ. ಕೈ ರಬ್ಬರಿಗೆ ಹೋಯಿತು, ರಬ್ಬರು ಅಲ್ಲೆಲ್ಲೋ ಕತ್ತೆಯ ಮೇಲೆ ಉಳಿದಿತ್ತು. ಎದ್ದು ಹೋಗಿ ತರೋಣವೆಂದರೆ ಬೆನ್ನು ಅಲ್ಲಾಡಬಾರದು, ಆರು ಜನರ ಪರೀಕ್ಷೆ ಆ ಬೆನ್ನಿನ ಮೇಲಿದೆ. ಹಲ್ಲು ಕಚ್ಚಿ, ತಪ್ಪಿದ ಕುತ್ತಿಗೆಯ ಪಕ್ಕದಲ್ಲೇ ಸರಿಯಾದ ಗೆರೆ ಹಾಕಿದಳು. ಮುಂದಕ್ಕೆ ಹೋದಳು. ಹ್ಯೂ ಬಂದ, ಅವನ ಹುಬ್ಬುಗಂಟು ಬಂತು. ಡ್ರಾಗಿತ್ಸಾ ಊರುಗೋಲಿನ ಮೇಲೆ ಬಾಗಿ ನಿಂತದ್ದು ಬಂತು. ಹಿಂದೆ ಹೋಗಿ ನೋಡಲಾಗದ್ದರಿಂದ ತಪ್ಪು ಕಾಣಲಿಲ್ಲ. ಕಂಡಷ್ಟನ್ನು ಅಳಿಸಲಾಗದ್ದರಿಂದ ಹಾಗೇ ಬಿಟ್ಟಳು. ಒಳಗೆ ಬೆಕ್ಕು ಪರಚುತ್ತಲೇ ಇತ್ತು, ಆದರೆ ಪರಚಿದ್ದೆಲ್ಲ ಕೈಗೆ ಬಂದು ಹಾಳೆಗೆ ಇಳಿಯುತ್ತಿತ್ತು.

ಬಿಡುವುಗಳಲ್ಲಿ ಅವಳು ಎದ್ದು ನಿಲುವಂಗಿ ಹಾಕಿಕೊಂಡು ಕಾಲು ಝಾಡಿಸಿದಳು, ಹಲಗೆಯನ್ನು ಮಾತ್ರ ಮುಖ ಕೆಳಗೆ ಮಾಡಿ ಇಟ್ಟಳು. ನೋಡಿದರೆ ಕೆಟ್ಟೆ ಎಂದು ಅವಳಿಗೆ ಗೊತ್ತಿತ್ತು. ಮಧ್ಯಾಹ್ನ ಹ್ಯೂ ತನ್ನ ಮೊಟ್ಟೆ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ಮುರಿದು ಅವಳಿಗೆ ಕೊಟ್ಟ. "ಕೈ ಹಿಡಿಯೋಕೆ ಆಗ್ತಾ ಇಲ್ಲ, ಬರೀ ಹೊಗೆ ಥರ ಬರ್ತಿದೆ" ಎಂದ.

ಅವಳು ಅಷ್ಟು ವರ್ಷ ಕಾಪಾಡಿಕೊಂಡ ಕಟ್ಟುಪಾಡು ಅಲ್ಲಿ ಮುರಿಯಿತು. "ಹೊಗೆ ಇರ್ಲಿ ಬಿಡೋ. ಅದೇ ಚೆನ್ನಾಗಿದೆ," ಎಂದಳು.

ಸಂಜೆ ಡ್ರಾಗಿತ್ಸಾ "ಇನ್ನು ಸ್ವಲ್ಪ ಹೊತ್ತು ಅಷ್ಟೆ" ಎಂದಾಗ ನೊಲೀನಳ ಹಾಳೆಯ ಕೆಳಭಾಗ ಖಾಲಿಯಿತ್ತು. ಅಲ್ಲಿ ಬರೆಯಲು ಕೋಣೆಯಲ್ಲಿ ಏನೂ ಉಳಿದಿರಲಿಲ್ಲ. ಹಲಗೆಯ ಅಂಚಿನಾಚೆ ಕಣ್ಣು ಕೆಳಗಿಳಿಸಿದಳು. ಎರಡು ಮುದಿ ಪಾದಗಳು, ಉಬ್ಬಿದ ನರ, ಮಿಲ್ಲಿನ ಬೂಟಿನಲ್ಲಿ ಸೊಟ್ಟಗಾದ ಹೆಬ್ಬೆರಳು, ಸುತ್ತ ಬ್ರೀ ಎಳೆದ ಸುಣ್ಣದ ಗೆರೆ. ಹಡಗಿನಲ್ಲಿ ಬಂದ ದೇವತೆಯ ಕಾಲು ಅವಳಿಗೆ ಒಲಿದಿರಲಿಲ್ಲ. ಇದು ಅವಳದೇ ಕಾಲು. ಬರೆದಳು, ಕಿರುಬೆರಳಿನ ಹತ್ತಿರದ ಸೊಟ್ಟ ಗೆರೆಯನ್ನೂ ಬಿಡದೆ. ಗಂಟೆ ಬಾರಿಸಿದ ಮೇಲೂ ಅವಳು ಏಳಲಿಲ್ಲ. ಡ್ರಾಗಿತ್ಸಾ ಬಂದು ಹಲಗೆಯನ್ನು ಅವಳ ಕೈಯಿಂದ ಬಿಡಿಸಿಕೊಂಡಳು.

"ಕೊಡು. ನೋಡ್ಬೇಡ. ಕೊಡು ಅಂದೆ."

ಪರೀಕ್ಷಕ ಪಾಸು ಮಾಡಿದ. ಬರೀ ಪಾಸು, ಎಲ್ಲಕ್ಕಿಂತ ಕೆಳಗಿನ ದರ್ಜೆ. ಪ್ರಮಾಣ ಅಲ್ಲಲ್ಲಿ ತಪ್ಪಿದೆ, ಹ್ಯೂನ ತಲೆ ದೊಡ್ಡದಾಗಿದೆ, ತಪ್ಪಿದ ಗೆರೆಗಳನ್ನು ಅಳಿಸಿಲ್ಲ ಎಂದನಂತೆ. ಡ್ರಾಗಿತ್ಸಾ ಫೋನಿನಲ್ಲಿ ಹೇಳಿದಾಗ ನೊಲೀನ್ ಅಡುಗೆಮನೆಯಲ್ಲೇ ಕುಣಿದಳು, ಆಮೇಲೆ ರೇಗಿದಳು.

"ಬರೀ ಪಾಸಾ? ಒಂದು ಮೆಟ್ಟಿಲು ಮೇಲೆ ಹಾಕಿದ್ರೆ ಅವನಪ್ಪನ ಗಂಟೇನು ಹೋಗ್ತಿತ್ತು? ಹ್ಯೂನ ತಲೆ ಇರೋದೇ ದೊಡ್ಡದು!"

"ಬ್ರೀಗೂ ಆಯ್ತು ಕಣೇ."

"ಆಯ್ತಾ?" ಎಂದು ನೊಲೀನ್ ಕುರ್ಚಿಯ ತುದಿಯಲ್ಲಿ ಕುಸಿದು, ಸೆರಗಿಲ್ಲದ್ದಕ್ಕೆ ಪಾತ್ರೆ ಒರೆಸುವ ಬಟ್ಟೆಯನ್ನೇ ಮುಖಕ್ಕೆ ಒತ್ತಿಕೊಂಡಳು.

ಬೀಗದ ಕೈ ಕೊಡುವ ಹಿಂದಿನ ದಿನ, ಭಾನುವಾರ, ಕೊನೆಯ ಪ್ರದರ್ಶನ. ಊರೆಲ್ಲ ಬಂದಿತ್ತು, ಮಹಡಿಗೆ ಒಂದು ದಿನವೂ ಕಾಲಿಡದವರು ಕೂಡ ಬಂದು ಮುಚ್ಚಬಾರದಿತ್ತು ಎಂದು ಲೊಚಗುಟ್ಟುತ್ತಿದ್ದರು. ಇದ್ದಾಗ ಇಲ್ಲದ ಪ್ರೀತಿ ಹೋಗುವಾಗ ಉಕ್ಕುತ್ತದೆ, ಬಿಡಿ. ನೊಲೀನ್ ಲ್ಯಾಮಿಂಗ್ಟನ್ ಕೇಕಿನ ತಟ್ಟೆ ಹಿಡಿದು ಒಂದು ಕಡೆ ನಿಲ್ಲದೆ ಓಡಾಡುತ್ತಿದ್ದಳು. ತಿರುಗಿ ನೋಡಿದರೆ ಬಾಗಿಲಲ್ಲಿ ರಸ್, ಟೋಪಿಯನ್ನು ಎದೆಗೆ ಹಿಡಿದುಕೊಂಡು ಚರ್ಚಿಗೆ ಬಂದವನ ಹಾಗೆ ನಿಂತಿದ್ದ.

"ಗಾಡೀಲಿ ಸೆಕೆ," ಎಂದ.

ಅವನು ನಿಧಾನವಾಗಿ ಒಳಗೆ ಬಂದ. ಗೋಡೆಯುದ್ದಕ್ಕೂ ಹೆಂಡತಿ, ಬಟ್ಟೆಯಿಲ್ಲದೆ, ಆರು ಜನ ಆರು ದಿಕ್ಕಿನಿಂದ ಬರೆದದ್ದು. ಆರರಲ್ಲೂ ಬಲಗೈ ಇರುವ ಕಡೆ ಹೊಗೆ. ಅವನು ಕೆಮ್ಮಿ, ನೆಲ ನೋಡುತ್ತಾ ಅವನ್ನೆಲ್ಲ ದಾಟಿ ಕೊನೆಯದರ ಮುಂದೆ ಬಂದು ನಿಂತ. ಬೆನ್ನು ಬಗ್ಗಿಸಿ ಕೂತ ಹುಡುಗ ಹುಡುಗಿಯರು, ಊರುಗೋಲಿನ ಡ್ರಾಗಿತ್ಸಾ, ಹಿಂದೆ ಉದ್ದನೆಯ ಕಿಟಕಿಗಳು.

"ಇದು ನಿಂದಾ?"

"ಹೂಂ."

"ಇದ್ರಲ್ಲಿ ನೀನೆಲ್ಲಿ?"

ಅವಳು ಹಾಳೆಯ ತಳಕ್ಕೆ ಬೆರಳು ತೋರಿಸಿದಳು. ರಸ್ ಕನ್ನಡಕ ಹಾಕಿಕೊಂಡು ಬಗ್ಗಿದ. ತುಂಬಾ ಹೊತ್ತು ಬಗ್ಗಿಯೇ ಇದ್ದ. ಅವಳು ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ನಿನ್ನ ಕಾಲೇ," ಎಂದ ಕೊನೆಗೆ. "ಆ ಸೊಟ್ಟ ಹೆಬ್ಬೆರಳು... ಇಷ್ಟು ವರ್ಷ ಸಂಸಾರ ಮಾಡಿದ್ದೀನಿ ಕಣೇ, ಈ ಕಾಲು ಒಂದು ಕಡೆ ನಿಂತದ್ದು ನಾನು ನೋಡೇ ಇರ್ಲಿಲ್ಲ."

ಇಷ್ಟೂ ವರ್ಷ ಅವನು ಕೆಳಗೆ ಗಾಡಿಯಲ್ಲಿ ಕೂತಿದ್ದ, ಅವಳು ಮೇಲೆ ಈ ಕಾಲನ್ನು ಊರಿನವರಿಗೆಲ್ಲ ತೋರಿಸುತ್ತಿದ್ದಳು. "ಕೇಕ್ ಖಾಲಿಯಾಗಿದೆ, ತರ್ತೀನಿ," ಎಂದು ಹೊರಟಳು.

"ಒಂದ್ ನಿಮಿಷ ನಿಲ್ಲೇ," ಎಂದ ರಸ್, ಚಿತ್ರದಿಂದ ಕಣ್ಣು ತೆಗೆಯದೆ. "ಇನ್ನೂ ನೋಡಿ ಮುಗಿದಿಲ್ಲ."

ಅವಳು ತಟ್ಟೆ ಹಿಡಿದುಕೊಂಡು ಅವನ ಪಕ್ಕದಲ್ಲಿ ನಿಂತಳು.